ಎದುರುಗಾಳಿಗೆ ಒಂದು ದಿನದ ರಜೆ: ಗದಗ–ಹುಬ್ಬಳ್ಳಿ ದಾರಿಯಲ್ಲಿ ದೀರ್ಘ ಸೈಕಲ್ ಸವಾರಿಯ ಸಮಗ್ರ ಮಾರ್ಗದರ್ಶಿ

ಗದಗ ಸೀಮೆಯಲ್ಲಿ ಜೂನ್‌ನಲ್ಲಿ ಎದ್ದ ಪಡುವಣ ಗಾಳಿ ಮಲಗುವುದು ಸೆಪ್ಟೆಂಬರಿನಲ್ಲಿ. ಈ ನಾಲ್ಕು ತಿಂಗಳು ಸೈಕಲ್ ಸವಾರರಲ್ಲಿ ಎರಡು ಬಣ. ಒಂದು ಬಣ ಸೈಕಲ್ಲನ್ನು ಗೋಡೆಗೆ ಒರಗಿಸಿ, ಗಾಳಿ ಇಳಿಯಲಿ ಎಂದು ಕಾಯುತ್ತದೆ. ಇನ್ನೊಂದು ಬಣ ಕಚೇರಿಗೆ ಮುಂಚಿನ ಒಂದೂವರೆ ಗಂಟೆಯಲ್ಲಿ ಹೊರಟು, ಎದುರುಗಾಳಿಗೆ ಸಿಕ್ಕಿ, ಗಡಿಯಾರ ನೋಡುತ್ತ ಹಲ್ಲು ಕಡಿಯುತ್ತ ಮರಳುತ್ತದೆ. ಎರಡೂ ಬಣಕ್ಕೆ ನನ್ನ ಮಾತು ಒಂದೇ: ಗಾಳಿಯಲ್ಲಿ ಸೈಕಲ್ ತುಳಿಯಲು ಬೇಕಾದದ್ದು ಕಾಲಿನ ಕಸುವಿಗಿಂತ ಹೆಚ್ಚಾಗಿ ಪುರುಸೊತ್ತು. ಅದಕ್ಕಾಗಿ ಒಂದು ಪೂರ್ತಿ ದಿನ ರಜೆ ಹಾಕಿ.

ಯಾಕೆಂದು ಲೆಕ್ಕ ಹಾಕಿ ನೋಡಿ. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಗಾಳಿಯಿಲ್ಲದ ದಿನ ಗಂಟೆಗೆ 20 ಕಿ.ಮೀ. ವೇಗದಲ್ಲಿ ಹೋದರೆ ಎದೆಗೆ ತಾಗುವ ಗಾಳಿಯೂ 20 ಕಿ.ಮೀ. ವೇಗದ್ದು. ಎದುರಿನಿಂದ 20 ಕಿ.ಮೀ. ಗಾಳಿ ಬೀಸುವಾಗಲೂ ಅದೇ ವೇಗ ಹಿಡಿಯುತ್ತೇನೆ ಎಂದು ಹಟಕ್ಕೆ ಬಿದ್ದರೆ ತಾಗುವುದು 40. ತಡೆ ನಾಲ್ಕು ಪಟ್ಟು. ಸಾಧಾರಣ ಸೈಕಲ್ಲಿನಲ್ಲಿ ನೆಟ್ಟಗೆ ಕುಳಿತು ತುಳಿಯುವ ಸಾಧಾರಣ ಸವಾರನಿಗೆ, ಗಾಳಿಯಿಲ್ಲದಾಗ 23–24 ಕಿ.ಮೀ. ವೇಗ ಕೊಡುವ ಶ್ರಮ ಇಂಥ ಎದುರುಗಾಳಿಯಲ್ಲಿ 14 ಕಿ.ಮೀ. ಮಾತ್ರ ಕೊಡುತ್ತದೆ, ಅದೇ ಗಾಳಿ ಬೆನ್ನಿಗಿದ್ದರೆ 33–35ಕ್ಕೆ ಮುಟ್ಟಿಸುತ್ತದೆ. ಈಗ 50 ಕಿ.ಮೀ. ಹೋಗಿ 50 ಕಿ.ಮೀ. ಬರುವ ಸವಾರಿಗೆ ಇದನ್ನು ಹಚ್ಚಿ. ಗಾಳಿಯಿಲ್ಲದ ದಿನ ನಾಲ್ಕೂಕಾಲು ಗಂಟೆ ಸಾಕು. ಗಾಳಿಯ ದಿನ ಹೋಗಲು ಮೂರೂವರೆ ಗಂಟೆ ದಾಟುತ್ತದೆ, ಬರಲು ಒಂದೂವರೆ. ಒಟ್ಟು ಐದು ಗಂಟೆ ಮೀರಿತು. ‘ಹೋಗುವಾಗ ಕಳೆದದ್ದನ್ನು ಬರುವಾಗ ಗಾಳಿ ತುಂಬಿಕೊಡುತ್ತದೆ’ ಎನ್ನುವವರು ಈ ಲೆಕ್ಕ ಹಾಕಿದವರಲ್ಲ. ನಿಧಾನವಾಗಿ ಹೋಗುವ ಹೊತ್ತೇ ಉದ್ದವಾಗಿರುವುದರಿಂದ ನಷ್ಟ ಪೂರ್ತಿ ತುಂಬುವುದಿಲ್ಲ.

ಕೈಯಲ್ಲಿ ಇಡೀ ದಿನ ಇದ್ದರೆ ಈ ನಷ್ಟ ಯಾರಿಗೂ ಬಾಧಿಸುವುದಿಲ್ಲ. ಹತ್ತು ಗಂಟೆಗೆ ಹಾಜರಿ ಹಾಕಬೇಕಾದ ದಿನ ಅದು ಎದೆಬಡಿತ ಏರಿಸುತ್ತದೆ.

ಮುಂದಿನದು ಸಮತಟ್ಟು ರಸ್ತೆಯಲ್ಲಿ 40–50 ಕಿ.ಮೀ. ತುಳಿದು ಅಭ್ಯಾಸವಿರುವವರಿಗೆ. ಅಷ್ಟು ಅಭ್ಯಾಸ ಇಲ್ಲದವರು ಇದೇ ದಾರಿಯನ್ನು ಅರ್ಧಕ್ಕೆ ಕತ್ತರಿಸಿಕೊಳ್ಳಬಹುದು; ಎಲ್ಲಿ ಎಂಬುದನ್ನು ಅಲ್ಲಲ್ಲೇ ಹೇಳಿದ್ದೇನೆ.

ಯಾವ ವಾರ, ಯಾವ ವಾರದ ದಿನ

ಜುಲೈ ಮತ್ತು ಆಗಸ್ಟ್ ಗಾಳಿಯ ಕಾಲ. ಮೃಗಶಿರಾ ಮಳೆಯ ದಿನಗಳಲ್ಲಿ ಗಾಳಿ ಇನ್ನೂ ಮನಸ್ಸು ಮಾಡುತ್ತಿರುತ್ತದೆ. ಪುನರ್ವಸು, ಪುಷ್ಯ ಮಳೆಗಳ ಹೊತ್ತಿಗೆ ಪಡುವಣದಿಂದಲೋ ನೈಋತ್ಯದಿಂದಲೋ ಪಟ್ಟು ಹಿಡಿದು ಬೀಸುತ್ತದೆ. ಸಹ್ಯಾದ್ರಿಯ ಆಚೆ ಮಳೆ ಸುರಿಸಿ ಹಗುರಾದ ಮೋಡಗಳು ಈ ಬಯಲಿಗೆ ಬರುವುದರಿಂದ ಗದಗಿನ ಕಡೆ ಗಾಳಿ ಜಾಸ್ತಿ, ಮಳೆ ಕಡಿಮೆ. ಸೈಕಲ್ ಸವಾರನಿಗೆ ಇದಕ್ಕಿಂತ ಒಳ್ಳೆಯ ಪಾಲು ಇನ್ನೇನು ಬೇಕು. ಏಪ್ರಿಲ್–ಮೇ ತಿಂಗಳ ಸಂಜೆಗಳಲ್ಲೂ ಗಾಳಿ ಏಳುತ್ತದೆ, ಆದರೆ ಅದು ಗುಡುಗು, ಸಿಡಿಲು, ಆಲಿಕಲ್ಲುಗಳನ್ನು ಜೊತೆಗೆ ತರುವ ಗಾಳಿ, ದಿಕ್ಕೂ ನೆಚ್ಚಿಕೆಯದಲ್ಲ. ಅದರ ಗೊಡವೆ ಬೇಡ.

ಭಾನುವಾರ ಯಾಕೆ ಬೇಡ? ಭಾನುವಾರದ ಮೇಲೆ ಮನೆಯವರ ಹಕ್ಕಿದೆ. ಮದುವೆ, ಗೃಹಪ್ರವೇಶ, ಮಕ್ಕಳ ಚಪ್ಪಲಿ, ಗ್ಯಾಸ್ ಸಿಲಿಂಡರ್ ಎಲ್ಲ ಅಂದೇ ಬರುತ್ತವೆ. ದಾರಿಯ ಪಂಕ್ಚರ್ ಅಂಗಡಿಗಳು, ಸೈಕಲ್ ಅಂಗಡಿಗಳು ಅಂದು ಬಾಗಿಲು ಹಾಕಿರುವ ಸಂಭವವೂ ಹೆಚ್ಚು. ಸೋಮವಾರ ಕಚೇರಿಯಲ್ಲಿ ಕಡತಗಳು ಕುತ್ತಿಗೆಗೆ ಬರುವ ದಿನ. ಬುಧವಾರ ಅಥವಾ ಗುರುವಾರ ಆರಿಸಿ. ಒಂದೇ ದಿನಾಂಕಕ್ಕೆ ಜೋತುಬೀಳದೆ ಒಂದೇ ವಾರದಲ್ಲಿ ಎರಡು ದಿನ ಗೊತ್ತುಮಾಡಿಕೊಂಡು, ಗಾಳಿ ನೋಡಿ ಒಂದನ್ನು ಉಳಿಸಿಕೊಳ್ಳುವುದು ಜಾಣತನ.

ರಜೆ ಕೇಳುವುದು

ಹೊಟ್ಟೆನೋವು, ಜ್ವರ, ಸೋದರಮಾವನ ತಿಥಿ ಯಾವುದೂ ಬೇಡ. ಒಂದು ದಿನ ಗಾಳಿಗೆ ಮುಖ ಕೊಟ್ಟವನ ಮೂಗು, ಕೆನ್ನೆ ಮರುದಿನ ಸುಟ್ಟ ಬಣ್ಣಕ್ಕೆ ತಿರುಗಿರುತ್ತವೆ. ಹಾಸಿಗೆಯಲ್ಲಿ ಮಲಗಿದ್ದೆ ಎಂದರೆ ಜವಾನನೂ ನಂಬುವುದಿಲ್ಲ. ಸಾಂದರ್ಭಿಕ ರಜೆಯ ಅರ್ಜಿಯಲ್ಲಿ ‘ವೈಯಕ್ತಿಕ ಕಾರಣ’ ಎಂದು ಬರೆದರೆ ಸಾಕು, ಅದು ಸತ್ಯವೂ ಹೌದು. ಯಾರಾದರೂ ಕೇಳಿದರೆ ‘ಸೈಕಲ್ ತುಳಿಯಲು ಹೋಗುತ್ತೇನೆ’ ಎಂದು ಹೇಳಿಬಿಡಿ. ನಗುತ್ತಾರೆ, ಸಹಿ ಹಾಕುತ್ತಾರೆ.

ರಾಜ್ಯ ಸರ್ಕಾರಿ ನೌಕರರು ಇನ್ನೆರಡು ಸಂಗತಿ ನೆನಪಿಡಬೇಕು. 2019ರಲ್ಲಿ ನಾಲ್ಕನೇ ಶನಿವಾರವನ್ನು ರಜೆ ಮಾಡಿದಾಗ ಸಾಂದರ್ಭಿಕ ರಜೆಗಳು ವರ್ಷಕ್ಕೆ 15ರಿಂದ 10ಕ್ಕೆ ಇಳಿದವು. ಹಾಗಾಗಿ ಇಂಥ ಒಂದು ಸವಾರಿ ವರ್ಷದ ರಜೆಯ ಹತ್ತರಲ್ಲೊಂದು ಪಾಲು. ಹವಾಮಾನ ನೋಡದೆ ಖರ್ಚು ಮಾಡಬೇಡಿ. ಎರಡನೆಯದು ಕೇಂದ್ರಸ್ಥಾನ, ಅಂದರೆ ಕೆಲಸದ ಊರು, ಬಿಡುವ ಅನುಮತಿ. ನಮ್ಮ ದಾರಿ ಗದಗ ಜಿಲ್ಲೆಯಿಂದ ಧಾರವಾಡ ಜಿಲ್ಲೆಗೆ ದಾಟುತ್ತದೆ. ರಜೆಯ ಅರ್ಜಿಯಲ್ಲೇ ‘ಕೇಂದ್ರಸ್ಥಾನ ಬಿಡಲು ಅನುಮತಿ ಕೋರಿದೆ’ ಎಂದು ಒಂದು ಸಾಲು ಸೇರಿಸಿದರೆ ಮುಗಿಯಿತು. ಸೈಕಲ್ಲಿನಲ್ಲಿ ಕೇಂದ್ರಸ್ಥಾನ ಬಿಟ್ಟವರ ಬಗ್ಗೆ ವಿಚಾರಣೆ ನಡೆದದ್ದನ್ನು ನಾನಂತೂ ಕೇಳಿಲ್ಲ, ಆದರೂ ಒಂದು ಸಾಲಿಗೆ ಏನು ಖರ್ಚು.

ಖಾಸಗಿ ಕೆಲಸದವರು ಹಿಂದಿನ ಸಂಜೆಯೇ ಬಾಕಿ ಕೆಲಸವನ್ನು ಇನ್ನೊಬ್ಬರ ಕೈಗೆ ಒಪ್ಪಿಸಿ, ಯಾರನ್ನು ಕೇಳಬೇಕು ಎಂದು ಮೇಲ್‌ನಲ್ಲಿ ಬರೆದಿಡಿ. ‘ಮನೆಯಿಂದ ಕೆಲಸ’ ಎಂದು ಹೇಳಿ ಹ್ಯಾಂಡಲ್ ಮೇಲೆ ಮೊಬೈಲ್ ಕಟ್ಟಿಕೊಂಡು ಹೊರಡುವ ಉಪಾಯ ಬೇಡ. ಎದುರುಗಾಳಿಯಲ್ಲಿ ಫೋನಿನಲ್ಲಿ ಕೇಳಿಸುವುದು ಬರೀ ಭೋರ್ಗರೆತ.

ಗಾಳಿಯನ್ನು ಓದುವುದು

ಮೂರು ದಿನ ಮುಂಚಿನಿಂದ ಮುನ್ಸೂಚನೆ ನೋಡಲು ಆರಂಭಿಸಿ. ಭಾರತೀಯ ಹವಾಮಾನ ಇಲಾಖೆಯ ಜಾಲತಾಣ ಮಳೆ ಮತ್ತು ಎಚ್ಚರಿಕೆಗಳಿಗೆ, ವಿಂಡಿಯಂಥ ಆಪ್ ಗಂಟೆಗಂಟೆಯ ಗಾಳಿಗೆ, ದಾಮಿನಿ ಆಪ್ ಸಿಡಿಲಿಗೆ. ನೋಡಬೇಕಾದದ್ದು ಮೂರು ಅಂಕಿ: ದಿಕ್ಕು, ಸರಾಸರಿ ವೇಗ, ನಡುನಡುವೆ ನುಗ್ಗುವ ಬಿರುಸಿನ ವೇಗ. ದಿಕ್ಕು ಎಂದರೆ ಗಾಳಿ ಬರುವ ಕಡೆ, ಹೋಗುವ ಕಡೆಯಲ್ಲ. ವೇಗ ನಾಟ್‌ಗಳಲ್ಲಿದ್ದರೆ 1.85ರಿಂದ ಗುಣಿಸಿ, ಕಿಲೋಮೀಟರ್ ಸಿಗುತ್ತದೆ. ಸರಾಸರಿ 20–28 ಕಿ.ಮೀ. ಇದ್ದರೆ ಅದೇ ನಮಗೆ ಬೇಕಾದ ದಿನ. ಸರಾಸರಿ 40 ದಾಟಿದರೆ, ಅಥವಾ ಬಿರುಸು 55 ದಾಟುವ ಸೂಚನೆ ಇದ್ದರೆ, ಎರಡನೆಯ ದಿನಾಂಕಕ್ಕೆ ಹೋಗಿ.

ಆಪ್ ಹೇಳಿದ್ದನ್ನು ಬೆಳಿಗ್ಗೆ ಅಂಗಳದಲ್ಲಿ ನಿಂತು ಪರೀಕ್ಷಿಸಿ. ಗಾಳಿಯನ್ನು ಕಣ್ಣಳತೆಯಲ್ಲಿ ಅಳೆಯುವ ಬೋಫರ್ಟ್ ಮಾಪಕ ಹಡಗಿನವರದ್ದಾದರೂ ಬೇವಿನ ಮರಕ್ಕೂ ಹೊಂದುತ್ತದೆ. ಎಲೆ, ಎಳೆಯ ಕಡ್ಡಿಗಳು ಬಿಡದೆ ಅಲುಗುತ್ತಿದ್ದರೆ 12–19 ಕಿ.ಮೀ. ಧೂಳು, ಕಾಗದದ ಚೂರು ಎದ್ದು ಸಣ್ಣ ಕೊಂಬೆಗಳು ಆಡುತ್ತಿದ್ದರೆ 20–28. ಸಣ್ಣ ಮರವೇ ತೂಗುತ್ತಿದ್ದರೆ 29–38. ದೊಡ್ಡ ಕೊಂಬೆಗಳು ಅಲುಗಿ, ವಿದ್ಯುತ್ ತಂತಿಗಳು ಸುಂಯ್ಗುಟ್ಟಿ, ಕೊಡೆ ಹಿಡಿಯಲು ಕಷ್ಟವಾದರೆ 39–49. ಆಗ ಸೈಕಲ್ ಒಳಗಿಟ್ಟು ಚಹಾ ಕುಡಿಯಿರಿ.

ಕಪ್ಪತಗುಡ್ಡದ ಗಾಳಿಯಂತ್ರಗಳು ಕಾಣುವ ಜಾಗದಲ್ಲಿದ್ದರೆ ಅವೂ ದಿಕ್ಕು ಹೇಳುತ್ತವೆ, ಅವು ಮುಖ ಮಾಡುವುದು ಗಾಳಿ ಬರುವ ಕಡೆಗೇ. ಆದರೆ ವೇಗಕ್ಕೆ ಅವುಗಳನ್ನು ನೆಚ್ಚಬೇಡಿ. ಗುಡ್ಡದ ನೆತ್ತಿಯ ಮೇಲೆ, ಅದಕ್ಕೂ ಎತ್ತರದ ಕಂಬದ ಮೇಲೆ ಸಿಗುವ ಗಾಳಿ ರಸ್ತೆಯಲ್ಲಿ ಸಿಗುವುದಿಲ್ಲ. ಗಂಟೆಗೆ 11–14 ಕಿ.ಮೀ. ಗಾಳಿ ಇದ್ದರೂ ಸಾಕು, ರೆಕ್ಕೆಗಳು ತಿರುಗತೊಡಗುತ್ತವೆ.

ಈ ಇಡೀ ಯೋಜನೆಯ ಗುಟ್ಟು ಇನ್ನೊಂದರಲ್ಲಿದೆ. ಬಯಲುಸೀಮೆಯ ಗಾಳಿ ಇಡೀ ದಿನ ಒಂದೇ ಸಮನಾಗಿರುವುದಿಲ್ಲ. ರಾತ್ರಿ ನೆಲ ತಣ್ಣಗಾದಾಗ ಮೇಲಿನ ವೇಗದ ಗಾಳಿ ಕೆಳಗಿಳಿಯುವುದಿಲ್ಲ. ಹಾಗಾಗಿ ನಸುಕಿನಲ್ಲಿ ಗಾಳಿ ಮೆತ್ತಗಿರುತ್ತದೆ. ಬಿಸಿಲೇರಿ ನೆಲ ಕಾಯುತ್ತ ಹೋದಂತೆ ಮೇಲಿನ, ಕೆಳಗಿನ ಗಾಳಿ ಕಲೆತು ನಡುಮಧ್ಯಾಹ್ನದ ಹೊತ್ತಿಗೆ ಜೋರಾಗುತ್ತದೆ. ಆದ್ದರಿಂದ ನಸುಕಿಗೆ ಹೊರಟು ಗಾಳಿಗೆ ಎದುರಾಗಿ ಹೋಗಿ, ಮಧ್ಯಾಹ್ನ ಗಾಳಿಯ ಜೊತೆ ಮರಳಿ. ಮೆತ್ತಗಿನ ಗಾಳಿ ಎದುರಿಗೆ, ಜೋರಿನ ಗಾಳಿ ಬೆನ್ನಿಗೆ. ಮೇಲಿನ ಲೆಕ್ಕದಲ್ಲಿ ತುಂಬದೆ ಉಳಿದ ನಷ್ಟದಲ್ಲಿ ಒಂದಿಷ್ಟನ್ನು ಹೀಗೆ ಹಿಂದಕ್ಕೆ ಪಡೆಯಬಹುದು.

ದಾರಿ

ಗದಗಿನಿಂದ ಹುಬ್ಬಳ್ಳಿಗೆ ಸುಮಾರು 58 ಕಿ.ಮೀ. ರಾಷ್ಟ್ರೀಯ ಹೆದ್ದಾರಿ 67 ಹೆಚ್ಚುಕಡಿಮೆ ನೇರ ಪಶ್ಚಿಮಕ್ಕೆ ಹೋಗುತ್ತದೆ. ಏರಿಳಿವು ಕಡಿಮೆ, ತಿರುವು ಕಡಿಮೆ, ಎರಡೂ ಬದಿ ಎರೆಹೊಲ, ಗಾಳಿಗೆ ಅಡ್ಡ ನಿಲ್ಲಲು ಮರಗಳೂ ಅಪರೂಪ. ಗಾಳಿಯ ಸವಾರಿಗೆ ಹೇಳಿ ಮಾಡಿಸಿದ ರಸ್ತೆ.

ಬಿಂಕದಕಟ್ಟಿ ದಾಟಿದ ಮೇಲೆ ಹುಲಕೋಟಿ. ಸಹಕಾರಿ ಸಂಘಗಳಿಗೆ ಹೆಸರಾದ ಊರು; ಆ ಹೊತ್ತಿಗೆ ಚಹಾದಂಗಡಿ ತೆರೆದಿರುತ್ತದೆ, ಆದರೆ ಇನ್ನೂ ನಿಲ್ಲಬೇಡಿ, ಕಾಲು ಆಗಷ್ಟೇ ಸಡಿಲವಾಗಿರುತ್ತದೆ. ಗದಗಿನಿಂದ ಸುಮಾರು 22 ಕಿ.ಮೀ.ಗೆ ಅಣ್ಣಿಗೇರಿ, ಆದಿಕವಿ ಪಂಪನ ಊರೆಂದು ಹೆಸರಾದದ್ದು. ಇಲ್ಲಿ ಹೆದ್ದಾರಿ ಬಿಟ್ಟು ಊರೊಳಗೆ ಹೋಗಿ. ಕಲ್ಯಾಣ ಚಾಲುಕ್ಯರ ಕಾಲದ ಅಮೃತೇಶ್ವರ ದೇವಾಲಯದ ಗೋಡೆಯ ಮರೆಯಲ್ಲಿ ಗಾಳಿ ಏಕಾಏಕಿ ನಿಂತು, ಕಿವಿಯಲ್ಲಿ ಇನ್ನೂ ಗುಂಯ್ಗುಡುವ ಸದ್ದು ಮಾತ್ರ ಉಳಿಯುತ್ತದೆ. ಇಪ್ಪತ್ತು ನಿಮಿಷ ಕೂತು ಏಳಿ. ಅರ್ಧ ಸವಾರಿ ಸಾಕು ಎನ್ನುವವರು ಇಲ್ಲಿಂದಲೇ ತಿರುಗಬಹುದು. ಒಟ್ಟು ಸುಮಾರು 45 ಕಿ.ಮೀ. ಆಗುತ್ತದೆ.

ಮುಂದೆ ನಲವಡಿ, ಟೋಲ್. ಸೈಕಲ್ಲಿಗೆ ಶುಲ್ಕವಿಲ್ಲ, ಎಡದ ತುದಿಯಿಂದ ಸಾಗಿ. ಅಲ್ಲಿಂದ ಹುಬ್ಬಳ್ಳಿ ಹೊರವಲಯದವರೆಗೆ ಗಾಳಿಯೇ ಸಂಗಾತಿ. ಪೇಟೆಯ ಒಳಗೆ ನುಗ್ಗದೆ ಅಂಚಿನಲ್ಲೇ ತಿರುಗಿದರೆ ಒಂದು ಬದಿಗೆ ಸುಮಾರು 50 ಕಿ.ಮೀ. ಎಂದು ಹಿಡಿಯಿರಿ. ಪೇಟೆಯ ವಾಹನ ದಟ್ಟಣೆ ಆ ದಿನದ ಲಹರಿಗೆ ಹೊಂದುವುದಿಲ್ಲ.

ಹುಬ್ಬಳ್ಳಿಯವರಿಗೆ ಇದೇ ದಾರಿ ಜುಲೈನಲ್ಲಿ ಬಲೆ. ಗದಗಿಗೆ ಹೊರಟಾಗ ಬೆನ್ನಿಗೆ ಗಾಳಿ. ಎರಡು ಗಂಟೆಯೊಳಗೆ ಅಣ್ಣಿಗೇರಿ ದಾಟಿ ‘ನಾನು ಇಷ್ಟು ಗಟ್ಟಿಯೇ’ ಎಂಬ ಭ್ರಮೆ. ಆಮೇಲೆ ಸುಸ್ತಾದ ಕಾಲು, ಮಧ್ಯಾಹ್ನದ ಜೋರು ಗಾಳಿ, ಎರಡೂ ಎದುರಿಗೆ. ಹುಬ್ಬಳ್ಳಿಯಿಂದ ಹೊರಡುವವರು ಜುಲೈನಲ್ಲಿ ಪಶ್ಚಿಮಕ್ಕೇ ಹೋಗಬೇಕು, ಧಾರವಾಡದ ಕಡೆಗೋ ಕಲಘಟಗಿಯ ಕಡೆಗೋ. ಮರ ಹೆಚ್ಚು, ಗಾಳಿ ತುಸು ಕಡಿಮೆ, ಮಳೆ ಮಾತ್ರ ಖಚಿತ. ಗದಗಿಗೇ ಹೋಗುವ ಹಟವಿದ್ದರೆ ಒಂದು ಬದಿ ಮಾತ್ರ ತುಳಿದು ರೈಲಿನಲ್ಲಿ ಮರಳಿ. ಸೈಕಲ್ಲನ್ನು ಲಗೇಜ್ ಆಗಿ ಬುಕ್ ಮಾಡಬೇಕಾಗುವುದರಿಂದ ಯಾವ ಗಾಡಿಗೆ ಹಾಕುತ್ತಾರೆ ಎಂದು ನಿಲ್ದಾಣದ ಪಾರ್ಸೆಲ್ ಕಚೇರಿಯಲ್ಲಿ ಹಿಂದಿನ ದಿನವೇ ಕೇಳಿಕೊಳ್ಳಿ.

ಸೈಕಲ್, ಬಟ್ಟೆ, ಚೀಲ

ಯಾವ ಸೈಕಲ್ ಆದರೂ ನಡೆಯುತ್ತದೆ. ಗೇರ್ ಇದ್ದರೆ ಕಾಲಿಗೆ ಸುಖ, ಇಲ್ಲದಿದ್ದರೆ ನಿಧಾನ, ಅಷ್ಟೇ. ಹಿಂದಿನ ಸಂಜೆ ಹವಾ ಗಟ್ಟಿಯಾಗಿ ತುಂಬಿಸಿ, ಚೈನ್ ಒರೆಸಿ ಎಣ್ಣೆ ಬಿಡಿ, ಎರಡೂ ಬ್ರೇಕ್ ಹಿಡಿದು ನೋಡಿ. ಹಿಂಗಾಳಿಯಲ್ಲಿ ನೀವು ಬರುವ ವೇಗಕ್ಕೆ ಬ್ರೇಕ್ ಸಾಲಬೇಕು ಎಂಬುದು ಹೋಗುವಾಗ ನೆನಪಾಗುವುದಿಲ್ಲ.

ಬಟ್ಟೆ ಮೈಗೆ ಅಂಟಿಕೊಂಡಿರಲಿ. ಪಟಪಟ ಹಾರುವ ಅಂಗಿ ಗಾಳಿಯ ತಡೆಯನ್ನು ಹೆಚ್ಚಿಸುವುದಲ್ಲದೆ ಆ ಸದ್ದಿನಿಂದ ತಲೆ ಚಿಟ್ಟು ಹಿಡಿಸುತ್ತದೆ. ಮಳೆಗೆಂದು ಮೇಲಿಂದ ಹೊದೆಯುವ ಅಗಲದ ರೇನ್‌ಕೋಟ್ ತರಬೇಡಿ. ಅದು ಹಡಗಿನ ಹಾಯಿ. ಜಿಪ್ ಇರುವ ತೆಳು ಜಾಕೆಟ್ ಸಾಕು. ಬೆನ್ನಿನ ಚೀಲಕ್ಕಿಂತ ಕ್ಯಾರಿಯರಿಗೆ ಬಿಗಿಯಾಗಿ ಕಟ್ಟಿದ ಸಣ್ಣ ಗಂಟು ಒಳ್ಳೆಯದು. ಎರಡೂ ಬದಿ ಜೋತುಬೀಳುವ ದೊಡ್ಡ ಚೀಲಗಳನ್ನು ಅಡ್ಡಗಾಳಿ ಹಿಡಿದು ಎಳೆಯುತ್ತದೆ.

ಹೆಲ್ಮೆಟ್, ಬಣ್ಣವಿಲ್ಲದ ಕನ್ನಡಕ, ಹಿಂದೆ ಕೆಂಪು ದೀಪ ಇವು ಹೇಳದೆಯೂ ಬೇಕಾದವು. ಜನ ಮರೆಯುವುದು ಹ್ಯಾಂಡಲ್ಲಿಗೆ ಹಾಕುವ ಕನ್ನಡಿಯನ್ನು. ಎದುರುಗಾಳಿ ಕಿವಿ ತುಂಬಿದಾಗ ಹಿಂದಿನ ಲಾರಿ ಹಾರ್ನ್ ಹಾಕಿದರೂ ಕೇಳಿಸುವುದು ಅದು ಪಕ್ಕಕ್ಕೆ ಬಂದ ಮೇಲೆಯೇ. ನೂರಿನ್ನೂರು ರೂಪಾಯಿಯ ಕನ್ನಡಿ ಆ ದಿನ ದುಬಾರಿ ಸೈಕಲ್ಲಿಗಿಂತ ಹೆಚ್ಚು ಕೆಲಸ ಮಾಡುತ್ತದೆ. ಕುತ್ತಿಗೆಗೆ ಒಂದು ದಪ್ಪ ಕರವಸ್ತ್ರವನ್ನೂ ಸುತ್ತಿಕೊಳ್ಳಿ. ಆಷಾಢ ಗಾಳಿಪಟದ ಕಾಲ. ಊರು ದಾಟುವಾಗ ಕಂಬದಿಂದ ಕಂಬಕ್ಕೆ ಹರಿದುಬಿದ್ದ ಮಾಂಜಾ ದಾರ ಕಣ್ಣಿಗೆ ಕಾಣದೆ ಕೊರಳಿಗೆ ಸಿಗಬಹುದು. ಊರುಗಳೊಳಗೆ ನಿಧಾನ.

ಎದುರುಗಾಳಿಯಲ್ಲಿ ತುಳಿಯುವುದು

ಬೆಳಕು ಹರಿಯುತ್ತಲೇ, ಆರರ ಹೊತ್ತಿಗೆ ಹೊರಡಿ. ಮೊದಲ ಕೆಲಸ, ವೇಗ ತೋರಿಸುವ ಯಾವ ಯಂತ್ರವಿದ್ದರೂ ಚೀಲಕ್ಕೆ ಹಾಕುವುದು. ಇದು ಉಪದೇಶದಂತೆ ಕೇಳಿಸಿದರೂ ಪೂರ್ತಿ ತಾಂತ್ರಿಕ ಸಲಹೆ. ಪರದೆಯ ಮೇಲೆ 13 ಎಂದು ಕಂಡರೆ ಕಾಲು ತಾನಾಗಿಯೇ 16ಕ್ಕೆ ಏರಿಸಲು ಹೋಗುತ್ತದೆ. ಆ ಮೂರು ಕಿಲೋಮೀಟರಿಗೆ ತೆರುವ ಬೆಲೆ ಎಷ್ಟೆಂದು ಮೇಲೆ ನೋಡಿದ್ದೇವೆ. ನಿಮಗೆ ಬೇಕಾದ ಅಳತೆ ಉಸಿರು. ಒಂದು ಪೂರ್ತಿ ವಾಕ್ಯವನ್ನು ಏದುಸಿರಿಲ್ಲದೆ ಜೋರಾಗಿ ಹೇಳಲು ಆಗುತ್ತಿದ್ದರೆ ಶ್ರಮ ಸರಿಯಾಗಿದೆ. ಎರಡು ಪದಕ್ಕೆ ಉಸಿರು ಕಟ್ಟುತ್ತಿದ್ದರೆ ಗೇರ್ ಇಳಿಸಿ. ಬಯಲಿನಲ್ಲಿ ಒಬ್ಬರೇ ಜೋರಾಗಿ ಮಾತಾಡಿಕೊಂಡರೆ ಕೇಳುವವರು ಯಾರೂ ಇರುವುದಿಲ್ಲ.

ಗೇರನ್ನು ಏರಿಗೆ ಇಳಿಸಿದಂತೆ ಇಳಿಸಿ. ಭಾರದ ಗೇರಿನಲ್ಲಿ ನಿಂತು ಜಗ್ಗಿ ತುಳಿಯುವವರ ಮಂಡಿ ನಲವಡಿಯಲ್ಲೇ ದೂರು ಕೊಡುತ್ತದೆ. ನಿಮಿಷಕ್ಕೆ 75–80 ಸುತ್ತು ಹಗುರಾಗಿ ತಿರುಗುತ್ತಿರಲಿ. ಗೇರ್ ಇಲ್ಲದ ಸೈಕಲ್ಲಿನವರು ವೇಗ ಬೀಳಲು ಬಿಡಿ, ಅಗತ್ಯವಾದರೆ ಸೇತುವೆಯ ಏರಿನಲ್ಲಿ ಇಳಿದು ನಡೆಯಿರಿ.

ನಂತರ ಮೈ. ಮೊಣಕೈ ಮಡಚಿ, ಭುಜ ಕುಗ್ಗಿಸಿ, ಗದ್ದ ಇಳಿಸಿ. ಎದೆ ಎಷ್ಟು ಕೆಳಗೆ ಬರುತ್ತದೋ ಅಷ್ಟು ಗಾಳಿ ಮೇಲಿಂದ ಹಾದುಹೋಗುತ್ತದೆ. ನೇರ ಹ್ಯಾಂಡಲ್ಲಿನವರು ಹಿಡಿಕೆಗಳಿಂದ ಕೈ ತುಸು ಒಳಕ್ಕೆ ತಂದುಕೊಳ್ಳಬಹುದು, ಆದರೆ ಬ್ರೇಕಿಗೆ ಬೆರಳು ಎಟಕುವಷ್ಟೇ. ಹದಿನೈದು ನಿಮಿಷಕ್ಕೊಮ್ಮೆ ಮೈ ನೆಟ್ಟಗೆ ಮಾಡಿ, ಕೈ ಜಾಡಿಸಿ. ಹಿಡಿತ ಬಿಗಿಯಾಗಿ ಹೋಗಿರುವುದು ಆಗ ಗೊತ್ತಾಗುತ್ತದೆ.

ಇಬ್ಬರು ಮೂವರು ಜೊತೆಗಿದ್ದರೆ ಒಬ್ಬರ ಹಿಂದೆ ಒಬ್ಬರು ಸಾಗಿ, ಐದು ನಿಮಿಷಕ್ಕೊಮ್ಮೆ ಮುಂದಿನವರು ಬದಲಾಗಲಿ. ಹಿಂದಿನವರ ಶ್ರಮ ಕಾಲು ಭಾಗದಷ್ಟು ಇಳಿಯುತ್ತದೆ. ಟ್ರ್ಯಾಕ್ಟರಿನ, ಲಾರಿಯ ಬೆನ್ನಿಗೆ ಮಾತ್ರ ಅಂಟಬೇಡಿ. ಮೇವು ತುಂಬಿದ ಟ್ರೇಲರಿನ ಮರೆ ಎಷ್ಟು ಸುಖವೋ ಅದರ ಬ್ರೇಕ್ ದೀಪ ಅಷ್ಟೇ ಅಪರೂಪ.

ಅಡ್ಡಗಾಳಿ ಮತ್ತು ಲಾರಿ

ನಿಜವಾದ ಅಪಾಯ ಇರುವುದು ಇಲ್ಲಿ, ಹಾಗಾಗಿ ಸ್ವಲ್ಪ ನಿಂತು ಹೇಳುತ್ತೇನೆ. ಗಾಳಿ ನೈಋತ್ಯದಿಂದ ಬರುವ ದಿನ, ಪಶ್ಚಿಮಕ್ಕೆ ಹೋಗುವ ನಿಮಗೆ ಅದು ಎಡಗಡೆಯಿಂದ ಓರೆಯಾಗಿ ಹೊಡೆಯುತ್ತದೆ. ನೀವು ಎಡ ಅಂಚಿನಲ್ಲಿದ್ದೀರಿ. ಗಾಳಿ ನಿಮ್ಮನ್ನು ಬಲಕ್ಕೆ, ಅಂದರೆ ವಾಹನಗಳ ಕಡೆಗೆ ತಳ್ಳುತ್ತದೆ. ಅಭ್ಯಾಸದಿಂದ ನೀವು ಎಡಕ್ಕೆ ಒರಗಿಕೊಂಡು ಸಾಗುತ್ತೀರಿ. ಆಗ ಎಡಗಡೆ ಒಂದು ಕಟ್ಟಡವೋ ಹುಣಸೆಮರವೋ ಬಂದು ಗಾಳಿ ತಟ್ಟನೆ ನಿಲ್ಲುತ್ತದೆ, ಒರಗಿದ್ದ ಸೈಕಲ್ ಎಡಕ್ಕೆ ವಾಲುತ್ತದೆ. ಅದನ್ನು ದಾಟಿದ ಕೂಡಲೇ ಮತ್ತೆ ಬಲಕ್ಕೆ ತಳ್ಳು.

ದೊಡ್ಡ ಲಾರಿ ಪಕ್ಕದಲ್ಲಿ ಹಾದಾಗಲೂ ಇಂಥದೇ ಆಟ. ಮೊದಲು ಅದು ನೂಕಿದ ಗಾಳಿ ಹೊರಕ್ಕೆ ತಳ್ಳುತ್ತದೆ, ಹಾದುಹೋಗುವಾಗ ಒಳಕ್ಕೆ ಸೆಳೆಯುತ್ತದೆ, ಹೋದ ಮೇಲೆ ಸುಳಿಗಾಳಿ ಅಲುಗಾಡಿಸುತ್ತದೆ. ಕನ್ನಡಿಯಲ್ಲಿ ಲಾರಿ ಕಂಡಾಗಲೇ ಕೈ ಸೆಟೆಯದೆ ಹ್ಯಾಂಡಲ್ ಭದ್ರವಾಗಿ ಹಿಡಿದು, ಮೈ ತಗ್ಗಿಸಿ, ತುಳಿಯುತ್ತಲೇ ಇರಿ. ತುಳಿಯುತ್ತಿರುವ ಸೈಕಲ್ ಸುಮ್ಮನೆ ಉರುಳುವ ಸೈಕಲ್ಲಿಗಿಂತ ಸ್ಥಿರ. ಅಂಚಿನ ಬಿಳಿ ಗೆರೆಯ ಮೇಲೆಯೇ ಹೋಗಬೇಡಿ. ಅದರಿಂದ ಎಡಕ್ಕೆ ಡಾಂಬರು ಉಳಿದಿರುವ ಕಡೆ, ಎರಡೂ ಬದಿ ಒಂದೊಂದು ಮೊಳ ಅಲುಗಾಡಲು ಜಾಗ ಉಳಿಸಿಕೊಂಡು ಸಾಗಿ. ಸರ್ವಿಸ್ ರಸ್ತೆ ಇರುವ ಕಡೆ ಅದೇ ಉತ್ತಮ, ಎದುರು ದಿಕ್ಕಿನಿಂದ ಬರುವ ಬೈಕುಗಳನ್ನು ನಿರೀಕ್ಷಿಸಿ.

ಬರುವಾಗ ಇದೇ ಗಾಳಿ ಬಲ ಹಿಂಬದಿಯಿಂದ ಬಂದು ರಸ್ತೆಯ ಹೊರಕ್ಕೆ ತಳ್ಳುತ್ತದೆ. ವಾಹನದ ಅಪಾಯ ಕಡಿಮೆ, ಅಂಚಿನಿಂದ ಜಾರುವ ಅಪಾಯ ಹೆಚ್ಚು.

ನೀರು, ತಿಂಡಿ

ಗಾಳಿಯಲ್ಲಿ ಬೆವರು ಹುಟ್ಟಿದ ಕೂಡಲೇ ಆರುತ್ತದೆ, ಅಂಗಿ ಒಣಗಿಯೇ ಇರುತ್ತದೆ, ಬಾಯಾರಿಕೆ ತಡವಾಗಿ ಗೊತ್ತಾಗುತ್ತದೆ. ಹಾಗಾಗಿ ಬಾಯಾರಿಕೆಗೆ ಕಾಯದೆ ಗಡಿಯಾರ ನೋಡಿ ಕುಡಿಯಿರಿ: ಇಪ್ಪತ್ತು ನಿಮಿಷಕ್ಕೊಮ್ಮೆ ನಾಲ್ಕು ಗುಟುಕು, ಗಂಟೆಗೆ ಸುಮಾರು ಅರ್ಧ ಲೀಟರ್. ಎರಡು ಬಾಟಲಿಗಳಲ್ಲಿ ಒಂದಕ್ಕೆ ಓಆರ್‌ಎಸ್ ಕಲಸಿ.

ಹೊರಡುವ ಮುಂಚೆ ಎರಡು ಬಾಳೆಹಣ್ಣು, ಚಹಾ. ದಾರಿಗೆ ಶೇಂಗಾ ಉಂಡೆ, ಖರ್ಜೂರ, ಕರವಸ್ತ್ರದಲ್ಲಿ ಮಡಚಿದ ಜೋಳದ ರೊಟ್ಟಿಯೊಳಗೆ ಶೇಂಗಾ ಚಟ್ನಿಪುಡಿ. ಗಂಟೆಗೊಮ್ಮೆ ಏನಾದರೂ ತಿನ್ನಿ. ಅಣ್ಣಿಗೇರಿಯಲ್ಲಿ ಬಿಸಿ ಎಣ್ಣೆಯ ವಾಸನೆಗೆ ಮರುಳಾಗಿ ಮಿರ್ಚಿ ಭಜಿಗೆ ಕೈಹಾಕಬೇಡಿ. ಬಗ್ಗಿ ತುಳಿಯುವ ಹೊಟ್ಟೆಯಲ್ಲಿ ಅದು ಹುಬ್ಬಳ್ಳಿಯವರೆಗೂ ತಕರಾರು ಮಾಡುತ್ತದೆ. ಗಿರಮಿಟ್, ಮಿರ್ಚಿ ಎರಡೂ ವಾಪಸಾಗುವಾಗ ನ್ಯಾಯವಾಗಿ ನಿಮ್ಮವು.

ಜಾಲಿಮುಳ್ಳು ಮತ್ತು ಎರೆಮಣ್ಣು

ಗಾಳಿ ಬೀಸುವ ದಿನ ಬದುವಿನ ಜಾಲಿಯ ಕಡ್ಡಿಗಳು ರಸ್ತೆಗೆ ಬಂದು ಬೀಳುತ್ತವೆ, ಪಂಕ್ಚರ್ ಇದ್ದದ್ದೇ. ಒಂದು ಬದಲಿ ಟ್ಯೂಬ್, ಟೈರ್ ಬಿಚ್ಚುವ ಎರಡು ಪಟ್ಟಿ, ಸಣ್ಣ ಪಂಪ್, ಪ್ಯಾಚ್ ಮತ್ತು ಸೊಲ್ಯೂಷನ್ ಚೀಲದಲ್ಲಿರಲಿ. ಟ್ಯೂಬ್ ಬದಲಿಸುವ ಮುಂಚೆ ಟೈರಿನ ಒಳಮೈ ಮೇಲೆ ಬೆರಳನ್ನು ನಿಧಾನವಾಗಿ ಒಂದು ಸುತ್ತು ಆಡಿಸಿ. ಮುಳ್ಳಿನ ಹೊರತುದಿ ಸವೆದು ರಬ್ಬರಿಗೆ ಸಮನಾಗಿರುತ್ತದೆ, ಹೊರಗಿನಿಂದ ಕಾಣುವುದಿಲ್ಲ. ಒಳಗೆ ಮಾತ್ರ ಎಳ್ಳುಕಾಳಿನಷ್ಟು ಮೊನೆ ಬೆರಳಿಗೆ ಚುಚ್ಚುತ್ತದೆ. ಅದನ್ನು ಉಗುರಿನಿಂದಾಗಲಿ ಪಿನ್ನಿನಿಂದಾಗಲಿ ಹೊರಕ್ಕೆ ತಳ್ಳದೆ ಹೊಸ ಟ್ಯೂಬ್ ಹಾಕಿದರೆ ಅರ್ಧ ಕಿಲೋಮೀಟರಿನಲ್ಲಿ ಅದೂ ಹೋಯಿತು.

ರಿಪೇರಿಗೆ ನಿಲ್ಲುವಾಗ ಡಾಂಬರನ್ನಾಗಲಿ ಗಟ್ಟಿ ಗರಸಿನ ನೆಲವನ್ನಾಗಲಿ ಹುಡುಕಿ. ಮಳೆ ಬಿದ್ದ ಎರೆಹೊಲಕ್ಕೆ ನಾಲ್ಕು ಹೆಜ್ಜೆ ಸೈಕಲ್ ತಳ್ಳಿದರೆ ಮಣ್ಣು ಗಾಲಿಗೆ ಸುತ್ತಿ, ಮಡ್‌ಗಾರ್ಡಿನೊಳಗೆ ತುಂಬಿ, ಗಾಲಿ ತಿರುಗುವುದೇ ನಿಲ್ಲುತ್ತದೆ. ಆಮೇಲೆ ಸೈಕಲ್ ಹೊತ್ತು ತಂದು, ಕಡ್ಡಿಯಿಂದ ಕೆರೆದು ತೆಗೆಯುವುದರಲ್ಲಿ ಮುಕ್ಕಾಲು ಗಂಟೆ ಹೋಗುತ್ತದೆ. ಚಪ್ಪಲಿಯ ಕಥೆ ಬೇರೆ.

ತಿರುಗುವುದು, ಮರಳುವುದು

ಎಲ್ಲಿ ತಿರುಗಬೇಕು ಎಂಬುದನ್ನು ಊರಿನಿಂದಲ್ಲ, ಹೊತ್ತಿನಿಂದ ನಿರ್ಧರಿಸಿ. ಹತ್ತೂವರೆ ಆದಾಗ ನೀವು ಎಲ್ಲಿದ್ದೀರೋ ಅದೇ ಆ ದಿನದ ಹುಬ್ಬಳ್ಳಿ. ಬೆನ್ನಿಗೆ ಗಾಳಿ ಇರುವುದರಿಂದ ಹೋದ ಹೊತ್ತಿನ ಅರ್ಧದಲ್ಲಿ ಮರಳುತ್ತೀರಿ ಎಂದು ಲೆಕ್ಕ ಹೇಳುತ್ತದೆ, ಆದರೂ ಪೂರ್ತಿ ಅದರ ಮೇಲೆ ಭಾರ ಹಾಕಬೇಡಿ; ಮಳೆ ಮೋಡದ ಕೆಳಗೆ ಗಾಳಿ ದಿಕ್ಕು ಬದಲಿಸುವುದುಂಟು. ಗಾಳಿಯಿಲ್ಲದೆಯೂ ಮನೆ ಮುಟ್ಟುವಷ್ಟು ಕಸುವು ಉಳಿದಿರುವಾಗಲೇ ತಿರುಗಿ. ಗುಡುಗು ಕೇಳಿಸಿದರೆ ಒಂಟಿ ಮರದಡಿ ನಿಲ್ಲದೆ ಕಟ್ಟಡದೊಳಗೆ ಸೇರಿ, ಕೊನೆಯ ಗುಡುಗಿನಿಂದ ಅರ್ಧ ಗಂಟೆ ಕಾಯಿರಿ. ಇವತ್ತಿನ ದಿನ ಯಾರೂ ನಿಮಗಾಗಿ ಕಾಯುತ್ತಿಲ್ಲವಲ್ಲ.

ತಿರುಗಿ ನಿಂತ ಮೊದಲ ನಿಮಿಷವೇ ವಿಚಿತ್ರ. ಇಷ್ಟು ಹೊತ್ತು ಕಿವಿ ತುಂಬಿದ್ದ ಸದ್ದು ನಿಂತು, ಚೈನಿನ ಸಪ್ಪಳ, ಹೆಸರಿನ ಹೊಲದಲ್ಲಿ ಕಳೆ ತೆಗೆಯುವವರ ಮಾತು ಕೇಳಿಸತೊಡಗುತ್ತದೆ. ಗಾಳಿ ನಿಂತಿತು ಅನ್ನಿಸುತ್ತದೆ. ನಿಂತಿಲ್ಲ, ನೀವು ಅದರ ವೇಗಕ್ಕೆ ಬಂದಿದ್ದೀರಿ. ಮೈಗೆ ಗಾಳಿ ತಾಗದೆ ಸೆಕೆಯೂ ಆಗುತ್ತದೆ, ಜಾಕೆಟ್ ಬಿಚ್ಚಿ. 35ರ ವೇಗದಲ್ಲಿ ರಸ್ತೆ ಉಬ್ಬು ಎಷ್ಟು ಬೇಗ ಬರುತ್ತದೆ ಎಂಬುದು ಬೆಳಿಗ್ಗೆಯಿಂದ 14ಕ್ಕೆ ಒಗ್ಗಿದ ಕಣ್ಣಿಗೆ ಹೊಳೆಯುವುದಿಲ್ಲ. ಊರು ಹತ್ತಿರವಾದಾಗ, ನಾಯಿ ಕಂಡಾಗ, ರಸ್ತೆ ಮೇಲೆ ಕಾಳು ಒಣಹಾಕಿದ ಕಡೆ ಮುಂಚಿತವಾಗಿ ಬ್ರೇಕ್ ಹಿಡಿಯಿರಿ.

ಮನೆಗೆ ಬಂದು ಮೊದಲು ನೀರು, ಆಮೇಲೆ ಊಟ, ಆಮೇಲೆ ನಿದ್ದೆ. ಸಂಜೆ ಎದ್ದು ಚೈನ್ ಒರೆಸಿ ಎಣ್ಣೆ ಬಿಡಿ. ಒಂದು ವಹಿಯಲ್ಲಿ ದಿನಾಂಕ, ಮುನ್ಸೂಚನೆಯ ಗಾಳಿ, ನಿಜಕ್ಕೂ ಸಿಕ್ಕ ಗಾಳಿ, ಅಣ್ಣಿಗೇರಿಗೆ ತಲುಪಿದ ಹೊತ್ತು ಬರೆದಿಡಿ. ಯಾವ ಆಪ್ ನಿಮ್ಮ ಸೀಮೆಯನ್ನು ಸರಿಯಾಗಿ ಓದುತ್ತದೆ ಎಂಬುದು ಎರಡು ಮೂರು ಸವಾರಿಗಳಲ್ಲಿ ಗೊತ್ತಾಗುತ್ತದೆ.

ಉಳಿದ ರಜೆಗಳನ್ನು ಎಣಿಸುವಾಗ ಇನ್ನೊಂದು ದಿನ ಡಿಸೆಂಬರಿಗೂ ಇಡಿ. ಹಿಂಗಾರು ಮುಗಿದ ಮೇಲೆ ಗಾಳಿ ಮೂಡಣದಿಂದ, ಈಶಾನ್ಯದಿಂದ ಬೀಸುತ್ತದೆ. ಆಗ ಗದಗಿನವರು ಪೂರ್ವಕ್ಕೆ, ಲಕ್ಕುಂಡಿ ದಾಟಿ ಕೊಪ್ಪಳದ ಕಡೆ ಹೊರಡಬೇಕು. ಗದಗ ರಸ್ತೆ ಆ ತಿಂಗಳಲ್ಲಿ ಹುಬ್ಬಳ್ಳಿಯವರದು: ಬೆಳಿಗ್ಗೆ ಎದುರುಗಾಳಿ, ಮಧ್ಯಾಹ್ನ ಹಿಂಗಾಳಿ, ಎರಡೂ ಬದಿ ಬಿಳಿಜೋಳ, ಕಡಲೆ.